ಅಂಗಳದ ವಿಷ್ಣುಕ್ರಾಂತಿ

ಹೂದೋಟವೆಂದೊಡನೆ ಮಲ್ಲಿಗೆ, ಸೇವಂತಿಗೆ, ಗುಲಾಬಿ, ಕನಕಾಂಬರಗಳು ನೆನಪಿಗೆ ಬರುವುವೇ ಹೊರತು, ನೆಲಕ್ಕಂಟಿಕೊಂಡು ತಮ್ಮಷ್ಟಕ್ಕೆ ತಾವೇ ಬೆಳೆಯುವ ಕಾಡುಹೂಗಳು ಯಾರ ನೆನಪಿಗೂ ಬಾರವು. ಅವುಗಳಿಗೆಲ್ಲ ನಾವು ಇಟ್ಟಿರುವ ಹೆಸರು ಒಂದೇ. ಅದು ಕಳೆ ಎಂಬುದು. ಹಬ್ಬ ಹತ್ತಿರ ಬಂದಿತೆಂದರೆ ಅಂಗಳವನ್ನು ಕೆತ್ತಿಸಿ ಅವುಗಳನ್ನು ತಿಪ್ಪೆಗೆ ಸೇರಿಸುವುದೇ ನಮ್ಮ ಮನೆಗಳ ವಾಡಿಕೆ. ಹೀಗೆ ತಿಪ್ಪೆಗೆ ಸೇರುವ ಗಿಡಗಳಲ್ಲಿ ವಿಷ್ಣುಕ್ರಾಂತಿಯೂ ಒಂದು. ಅದನ್ನು ಗುರುತಿಸಿ, ಮನೆಯ ಮುಂದೆ ಬೆಳೆಸಿ, ಉಳಿಸಿಕೊಳ್ಳುವ ಬಗೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಇದನ್ನು ಬರೆಯುವುದಕ್ಕೆ ನಮಗೊಂದು ಸ್ವಂತ ಕಾರಣವೂ ಉಂಟು. ಅದನ್ನು ಮರೆಮಾಚದೆ ಮೊದಲೇ ಹೇಳಿಬಿಡುವೆವು.

ಸುಮಾರು 30 ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಡುತ್ತಿದ್ದೆವು. ಅಮರಕೋಶದ ವನೌಷಧಿವರ್ಗ ನಡೆಯುತ್ತಿತ್ತು. ಅಮರಸಿಂಹನು ವಿಷ್ಣುಕ್ರಾಂತಾ ಎಂಬ ಶಬ್ದವನ್ನು ಗಿರಿಕರ್ಣೀ, ಅಪರಾಜಿತಾ ಎಂಬ ಶಬ್ದಗಳ ಜೊತೆಗೆ ಪರ್ಯಾಯವಾಗಿ ಕೊಟ್ಟಿರುವನು. ಗಿರಿಕರ್ಣಿಕೆಯೆಂದರೆ ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ಬಳ್ಳಿ. ಆದುದರಿಂದ ವಿಷ್ಣುಕ್ರಾಂತಿಯೆಂದರೆ ಶಂಖಪುಷ್ಪದ ಬಳ್ಳಿಯೇ ಎಂದು ನಾವು ಹೇಳಿದೆವು. ಮರುದಿನ ಬೆಳಿಗ್ಗೆ ದನ ಕಾಯುವ ಮನೆಯ ಹುಡುಗನೊಬ್ಬನು ಸಣ್ಣ ನೀಲಿಹೂಗಳುಳ್ಳ ಒಂದು ಹಿಡಿ ಗಿಡವನ್ನು ತಂದು ಮೇಜಿನ ಮೇಲಿಟ್ಟು, "ಇದೇ ವಿಷ್ಣುಕ್ರಾಂತಿ ಮೇಷ್ಟ್ರೇ, ನಮ್ಮಜ್ಜಿ ಹೇಳವ್ಳೆ" ಎಂದನು. ಅಮರಸಿಂಹನಿಗಿಂತ ನಿನ್ನ ಅಜ್ಜಿ ಹೆಚ್ಚು ಬಲ್ಲಳೋ ಎಂದು ನಾವು ಎಲ್ಲರೆದುರಿಗೆ ಹಾಸ್ಯಮಾಡಿದೆವು. ತರಗತಿಯೆಲ್ಲ ನಕ್ಕಿತು. ಹುಡುಗನು ಗಿಡವನ್ನು ಎತ್ತಿಕೊಂಡು ಹೊರಗೆ ಹೋಗಿ ಎಸೆದು ಬಂದನು. ಅಂದಿನಿಂದ ಅವನು ಯಾವ ಗಿಡವನ್ನೂ ತರಲಿಲ್ಲ.

ಕೆಲವು ವರ್ಷಗಳ ತರುವಾಯ ಸಸ್ಯಶಾಸ್ತ್ರವನ್ನು ಬಲ್ಲ ಮಿತ್ರರೊಬ್ಬರೊಡನೆ ಗೋಮಾಳದಲ್ಲಿ ತಿರುಗಾಡುತ್ತಿದ್ದಾಗ ಅದೇ ನೀಲಿಹೂ ಕಣ್ಣಿಗೆ ಬಿದ್ದಿತು. ಅವರು ಅದನ್ನು ವಿಷ್ಣುಕ್ರಾಂತಿಯೆಂದೇ ಕರೆದರು. ಕನ್ನಡನಾಡಿನಲ್ಲಿಯೂ ಕೇರಳದಲ್ಲಿಯೂ ಈ ಹೆಸರಿನಿಂದ ಜನರು ಬಳಸುವುದು ಈ ಗಿಡವನ್ನೇ ಎಂದು ವಿವರಿಸಿದರು. ಕೋಶವೂ ತಪ್ಪಲ್ಲ, ಹುಡುಗನ ಅಜ್ಜಿಯೂ ತಪ್ಪಲ್ಲ. ಒಂದು ಹೆಸರು ಎರಡು ಗಿಡಗಳಿಗೆ ಸಂದಿದೆ, ಅಷ್ಟೆ. ತಪ್ಪಿದವರು ಗಿಡವನ್ನು ನೋಡದೆ ಶಬ್ದವನ್ನು ಮಾತ್ರ ನೋಡಿದ ನಾವು.

ಇನ್ನು ಗಿಡದ ವಿಚಾರ. ವಿಷ್ಣುಕ್ರಾಂತಿಯು ಬಹುವಾರ್ಷಿಕವಾದ ಸಣ್ಣ ಮೂಲಿಕೆ. ನೆಲದೊಳಗೆ ಕಟ್ಟಿಗೆಯಂತೆ ಗಟ್ಟಿಯಾದ ಬೇರು. ಅದರ ತಲೆಯಿಂದ ದಾರದಂತಹ ಹಲವು ಕಾಂಡಗಳು ಹೊರಟು ನೆಲದ ಮೇಲೆ ಸುತ್ತಲೂ ಹರಡುವುವು. ಎಲೆಗಳು ಚಿಕ್ಕವು, ಅವುಗಳ ಮೇಲೆ ರೇಷ್ಮೆಯಂತಹ ನವಿರಾದ ರೋಮವಿರುವುದರಿಂದ ಗಿಡವು ಬೂದುಬಣ್ಣದ ಛಾಯೆಯಿಂದ ಕಾಣುವುದು. ಎಲೆಯ ಬುಡದಿಂದ ಹೊರಟ ಎಳೆಯಂತಹ ತೊಟ್ಟಿನ ತುದಿಯಲ್ಲಿ ಆಕಾಶದ ಬಣ್ಣದ ಹೂ ಅರಳುವುದು. ಹೂವಿನ ಅಗಲ 6ರಿಂದ 10 ಮಿಲಿಮೀಟರು, ಎಂದರೆ ಕಿರುಬೆರಳಿನ ಉಗುರಿನಷ್ಟು. ಬೆಳಿಗ್ಗೆ ಅರಳಿದ ಹೂ ಬಿಸಿಲೇರಿದ ಮೇಲೆ ಮುದುಡಿಕೊಳ್ಳುವುದು. ಆದುದರಿಂದ ತಡವಾಗಿ ಏಳುವವರಿಗೆ ಇದರ ದರ್ಶನಭಾಗ್ಯವಿಲ್ಲ.

ಸಿಹಿಗೆಣಸು ಯಾವ ಕುಟುಂಬಕ್ಕೆ ಸೇರಿದೆಯೋ ಈ ಗಿಡವೂ ಅದೇ ಕುಟುಂಬದ್ದು. ಆದರೆ ಆ ಕುಟುಂಬದ ಅನೇಕ ಬಳ್ಳಿಗಳಂತೆ ಇದು ಆಸರೆಯನ್ನು ಸುತ್ತಿ ಮೇಲೇರುವುದಿಲ್ಲ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಇದನ್ನು ಸುತ್ತುವ ಬಳ್ಳಿಗಳಾದ ಕನ್ವಾಲ್ವುಲಸ್ ಗುಂಪಿಗೆ ಸೇರಿಸಿದನು. 1762ರಲ್ಲಿ ಅಲ್ಲಿಂದ ತೆಗೆದು, ಸುತ್ತಿಕೊಳ್ಳದೆ ಬಿಚ್ಚಿಕೊಂಡಿರುವುದೆಂಬ ಅರ್ಥದ ಇವಾಲ್ವುಲಸ್ ಗುಂಪಿನಲ್ಲಿಟ್ಟನು. ಇವಾಲ್ವುಲಸ್ ಆಲ್ಸಿನಾಯ್ಡಿಸ್ ಎಂಬುದೇ ಈಗಲೂ ಇದರ ಶಾಸ್ತ್ರೀಯ ನಾಮ. ಅಂತಹ ಪಂಡಿತನೇ ತನ್ನ ಮಾತನ್ನು ತಾನೇ ತಿದ್ದಿಕೊಂಡನೆಂಬುದು ನಮ್ಮಂತಹ ಉಪಾಧ್ಯಾಯರಿಗೆ ಸಮಾಧಾನವನ್ನೂ ಪಾಠವನ್ನೂ ಕೊಡುವ ಸಂಗತಿ.

ಲಿನೇಯಸ್ಸನಿಗಿಂತ ಮೊದಲೇ ಈ ಗಿಡವು ಅಚ್ಚಿನ ಪುಸ್ತಕವನ್ನು ಸೇರಿತ್ತು. ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ವಾನ್ ರೀಡೆಯು ಮಲೆಯಾಳ ದೇಶದ ಸಸ್ಯಗಳನ್ನು ಕುರಿತು ಮಾಡಿಸಿದ 'ಹಾರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮ್ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ವಿಷ್ಣುಕ್ರಾಂತಿಯು ತನ್ನ ದೇಶೀಯ ನಾಮದಿಂದಲೇ, ಆದರೆ ವಿದೇಶೀಯರ ಕಿವಿಗೆ ಕೇಳಿಸಿದಂತೆ 'ವಿಸ್ತ್ನುಕ್ಲಾಂದಿ' ಎಂದು, ಚಿತ್ರಸಹಿತವಾಗಿ ಬಂದಿದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನೆಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವಿದ್ವಾಂಸರೂ ಇದ್ದರು. ಕೇರಳದಲ್ಲಿ ಮಂಗಳಕರವೆಂದು ಎಣಿಸುವ ದಶಪುಷ್ಪಗಳಲ್ಲಿ ಇಂದಿಗೂ ವಿಷ್ಣುಕ್ರಾಂತಿಗೆ ಸ್ಥಾನವಿದೆ.

ವಿಷ್ಣುವು ಕಾಲಿಟ್ಟು ನಡೆದದ್ದು ಎಂಬುದೇ ವಿಷ್ಣುಕ್ರಾಂತಾ ಶಬ್ದದ ಅರ್ಥ. ತ್ರಿವಿಕ್ರಮನಾಗಿ ಆತನು ಅಳೆದ ಭೂಮಿಗೂ ಮಂತ್ರದಲ್ಲಿ ಇದೇ ಸಂಬೋಧನೆಯುಂಟು. ಈ ಗಿಡಕ್ಕೆ ಆ ಹೆಸರು ಒಪ್ಪುವುದೆಂದು ನಮಗೆ ತೋರುತ್ತದೆ. ಏಕೆಂದರೆ ಇದು ವಾಸಿಸುವುದು ಜನರೂ ದನಗಳೂ ತುಳಿದಾಡುವ ಬಯಲಿನಲ್ಲಿ, ಕಾಲುದಾರಿಯ ಅಂಚಿನಲ್ಲಿ, ಹೊಲದ ಬದುವಿನಲ್ಲಿ, ಮರಳು ಜಂಬಿಟ್ಟಿಗೆಗಳ ಬಡನೆಲದಲ್ಲಿ. ಈ ಸ್ವಭಾವವನ್ನು ತಿಳಿಯದೆ ಬೆಳೆಸಹೊರಟದ್ದರಿಂದಲೇ ನಾವು ಎರಡು ಸಲ ಕೆಟ್ಟೆವು.

ಮೊದಲನೆಯ ಸಲ ಗೋಮಾಳದಿಂದ ಮೂರು ಗಿಡಗಳನ್ನು ಅಗೆದು ತಂದು, ಚೆನ್ನಾಗಿ ಗೊಬ್ಬರ ಹಾಕಿದ ಮಡಿಯಲ್ಲಿ ನೆಟ್ಟು, ದಿನವೂ ಎರಡು ಹೊತ್ತು ನೀರೆರೆದೆವು. ಆಳಕ್ಕೆ ಇಳಿದಿದ್ದ ಬೇರು ಅಗೆಯುವಾಗಲೇ ತುಂಡಾಗಿತ್ತು. ಉಳಿದದ್ದು ನೀರಿನಿಂದ ಕೊಳೆಯಿತು. ತಾನಾಗಿ ಬದುಕಿದ್ದ ಮೂರು ಗಿಡಗಳನ್ನು ಪ್ರೀತಿಯ ಹೆಸರಿನಲ್ಲಿ ನಾವೇ ಕೊಂದಂತಾಯಿತು. ಎರಡನೆಯ ಸಲ ಪೇಟೆಯ ಸಸ್ಯವಾಟಿಕೆಯೊಂದರಿಂದ ವಿಷ್ಣುಕ್ರಾಂತಿಯೆಂಬ ಹೆಸರಿನ ಕುಂಡವನ್ನೇ ಕೊಂಡು ತಂದೆವು. ಅದು ಸೊಂಪಾಗಿ ಬೆಳೆದು, ಸುಮಾರು ಒಂದು ಅಂಗುಲ ಅಗಲದ ನೀಲಿಹೂಗಳನ್ನು ಬಿಟ್ಟಿತು. ವಿಚಾರಿಸಲಾಗಿ, ಅದು ಬ್ರಜಿಲ್ ದೇಶದಿಂದ ಬಂದ ಇವಾಲ್ವುಲಸ್ ಗ್ಲಾಮರೇಟಸ್ ಎಂಬ ಬಂಧುವೆಂದು ತಿಳಿಯಿತು. ಆ ಗಿಡದಲ್ಲಿ ದೋಷವೇನೂ ಇಲ್ಲ, ತೋಟಕ್ಕೆ ಚೆಲುವಾದದ್ದೇ. ಆದರೆ ಹೂ ದೊಡ್ಡದಾಗಿ, ತೊಟ್ಟು ಗಿಡ್ಡವಾಗಿ, ಗಿಡವು ಪೊದೆಯಂತಿದ್ದರೆ ಅದು ನಮ್ಮ ಬಯಲಿನ ಗಿಡವಲ್ಲವೆಂದು ತಿಳಿಯತಕ್ಕದ್ದು.

ಮೂರನೆಯ ಸಲ ಬೀಜದಿಂದ ಆರಂಭಿಸಿದೆವು, ಫಲಿಸಿತು. ಆ ಕ್ರಮವನ್ನು ಹೇಳುವೆವು. ಹೂ ಉದುರಿದ ಮೇಲೆ ಉರುಟಾದ ಸಣ್ಣ ಕಾಯಿ ಕಟ್ಟುವುದು. ಅದು ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಬಿಡಿಸಿದರೆ ಒಳಗೆ ಹೆಚ್ಚೆಂದರೆ ನಾಲ್ಕು ಬೀಜಗಳಿರುವುವು. ಒಂದೇ ಗಿಡವನ್ನು ಬರಿದುಮಾಡದೆ, ಹಲವು ಗಿಡಗಳಿಂದ ಎರಡೆರಡು ಕಾಯಿಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಹಾಗೆಯೇ ಬಿತ್ತಿದರೆ ಬಹುಕಾಲ ಮೊಳೆಯದೆ ಉಳಿಯಬಹುದು. ದಪ್ಪ ಮರಳಿನೊಡನೆ ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದವುಗಳನ್ನು ಮತ್ತೆ ಉಜ್ಜಬೇಕು.

ಬಿತ್ತನೆಗೆ ಮುಂಗಾರಿನ ಆರಂಭವೇ ಒಳ್ಳೆಯ ಕಾಲ. ಅಡಿಯಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹೆಂಚಿನ ಚೂರು, ಒಂದು ಹಿಡಿ ಹಳೆಯ ಎಲೆಗೊಬ್ಬರ ಇವುಗಳನ್ನು ಬೆರೆಸಿ ತುಂಬಬೇಕು. ಬೇರು ಆಳಕ್ಕಿಳಿಯುವುದರಿಂದ ಕುಂಡದ ಆಳ 10 ಅಂಗುಲಕ್ಕೆ ಕಡಿಮೆಯಾಗಬಾರದು. ಬೀಜದ ಮೇಲೆ ತೆಳುವಾಗಿ ಮರಳು ಉದುರಿಸಿದರೆ ಸಾಕು. ಸಸಿಗೆ ಆರು ಎಲೆಗಳಾದಾಗ ಮಣ್ಣಿನ ಹೆಂಟೆಯೊಡನೆ ಎತ್ತಿ ನೆಲದಲ್ಲಿ ನೆಡಬಹುದು. ಬೆಳೆದ ಮೇಲೆ ಕದಲಿಸಬಾರದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳವೇ ಅದಕ್ಕೆ ಯೋಗ್ಯ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು ಕೊಡತಕ್ಕದ್ದು. ಗೊಬ್ಬರದ ಆಸೆ ಬೇಡ. ಹೆಚ್ಚಾದರೆ ಎಲೆ ಕೊಬ್ಬುವುದು, ಹೂ ಕುಗ್ಗುವುದು.

ಗೃಹಿಣಿಯರು ಮರೆಯಬಾರದ ವಿಷಯವೊಂದುಂಟು. ಕಡುಬೇಸಗೆಯಲ್ಲಿ ಗಿಡದ ಮೇಲ್ಭಾಗವು ಒಣಗಿ ಸತ್ತಂತೆ ಕಾಣಬಹುದು. ಆಗ ಅದನ್ನು ಕಿತ್ತೆಸೆಯಬಾರದು. ಬೇರಿಗೆ ಜೀವವಿದ್ದರೆ ಮಳೆ ಬಿದ್ದೊಡನೆ ಚಿಗುರುವುದು. ನಮ್ಮ ಮನೆಯಲ್ಲಿ ಗಿಡದ ಸುತ್ತಲೂ ನಾಲ್ಕು ಕಲ್ಲುಗಳನ್ನಿಟ್ಟು, ಅಂಗಳ ಕೆತ್ತಲು ಬರುವವರಿಗೆ ಮೊದಲೇ ತೋರಿಸಿಬಿಡುವೆವು. ಈ ನಾಲ್ಕು ಕಲ್ಲುಗಳೇ ಅದಕ್ಕೆ ನಾವು ಮಾಡುವ ಮುಖ್ಯವಾದ ಆರೈಕೆ.

ಔಷಧದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯಕ. ಬುದ್ಧಿಶಕ್ತಿಗೆ ಒಳ್ಳೆಯದೆಂದು ಪ್ರಸಿದ್ಧವಾದ ಶಂಖಪುಷ್ಪಿಯೆಂಬ ಹೆಸರಿನಿಂದ ಒಂದೆಡೆ ವಿಷ್ಣುಕ್ರಾಂತಿಯನ್ನೂ, ಇನ್ನೊಂದೆಡೆ ಬಿಳುಪಾದ ಹೂವಿನ ಕನ್ವಾಲ್ವುಲಸ್ ಗಿಡವನ್ನೂ, ಮತ್ತೊಂದೆಡೆ ಶಂಖಪುಷ್ಪದ ಬಳ್ಳಿಯನ್ನೂ ಬಳಸುವುದುಂಟು. ಹೆಸರು ಒಂದೇ ಆದ ಮಾತ್ರಕ್ಕೆ ಗುಣವೂ ಒಂದೇ ಆಗಬೇಕೆಂದಿಲ್ಲ. ಆದುದರಿಂದ ಕೇಳಿದ ಮಾತನ್ನು ನಂಬಿ ಮನೆಯಲ್ಲಿ ಕಷಾಯ ಮಾಡಿ ಮಕ್ಕಳಿಗೆ ಕುಡಿಸಬಾರದು. ಗಿಡವನ್ನು ಕಣ್ಣಾರೆ ಗುರುತಿಸಬಲ್ಲ ವೈದ್ಯರನ್ನು ಕೇಳತಕ್ಕದ್ದು.

ಗೋಮಾಳಗಳು ನಿವೇಶನಗಳಾಗುತ್ತಿವೆ, ಅಂಗಳಗಳಿಗೆ ಸಿಮೆಂಟು ಬೀಳುತ್ತಿದೆ. ಗಿಡವು ಕಣ್ಣಿಗೆ ಬೀಳದ ಊರಿನಲ್ಲಿ ಅದರ ಹೆಸರು ಹೇಳುವ ಅಜ್ಜಿಯೂ ಉಳಿಯಲಾರಳು; ಕೋಶದಲ್ಲಿ ಶಬ್ದ ಮಾತ್ರ ಉಳಿದೀತು. ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಬಾಗಿಲ ಬಳಿ ಒಂದು ಗೇಣು ನೆಲವನ್ನಾಗಲಿ, ಒಂದು ಕುಂಡವನ್ನಾಗಲಿ ಇದಕ್ಕೆ ಬಿಡಿರಿ. ಬೆಳಿಗ್ಗೆ ಮಕ್ಕಳನ್ನು ಕರೆದು ಮೊದಲು ಹೂವನ್ನು ತೋರಿಸಿ, ಆಮೇಲೆ ಹೆಸರು ಹೇಳಿರಿ. ಮಗುವೊಂದು ತಾನಾಗಿ ಏನನ್ನಾದರೂ ಕಿತ್ತು ತಂದು ಹೆಸರು ಹೇಳಿದರೆ, ನಗದೆ, ಕನ್ನಡಕವನ್ನು ಹಾಕಿಕೊಂಡು ನೋಡಿರಿ. ಆ ಹುಡುಗನು ಈಗ ಎಲ್ಲಿರುವನೋ ನಾವರಿಯೆವು. ಎಂದಾದರೂ ನಮ್ಮ ಮನೆಯ ಕಡೆಗೆ ಬಂದರೆ ನಾಲ್ಕು ಕಲ್ಲುಗಳ ನಡುವಣ ಗಿಡವನ್ನು ಅವನಿಗೆ ತೋರಿಸಿ, ಅಂದು ನೀನು ಹೇಳಿದ್ದೇ ಸರಿ ಮಗು, ಎನ್ನಬೇಕೆಂದಿರುವೆವು.