ಕಾಲಿಗೆ ತಕ್ಕ ಕಾರು

ಕಾರು ಕೊಳ್ಳಹೊರಟವನಿಗೆ ಸಲಹೆ ಕೊಡುವವರ ಕೊರತೆ ನಮ್ಮಲ್ಲಿಲ್ಲ. ಲೀಟರಿಗೆ ಎಷ್ಟು ಓಡುತ್ತದೆ, ಮುಂದೆ ಮಾರಿದರೆ ಎಷ್ಟು ಬರುತ್ತದೆ, ಬಿಡಿಭಾಗಗಳು ಗೋಕಾಕದಲ್ಲೇ ಸಿಗುತ್ತವೆಯೋ ಬೆಳಗಾವಿಗೆ ಹೋಗಬೇಕೋ, ಇಂಥ ಪ್ರಶ್ನೆಗಳಿಗೆ ಚಹಾದ ಅಂಗಡಿಯಲ್ಲಿ ಕುಳಿತವರೂ ಉತ್ತರಿಸಬಲ್ಲರು. ಆದರೆ ಕೊಳ್ಳುವವನು ಅಂಗವಿಕಲನಾಗಿದ್ದು, ಅದನ್ನು ತಾನೇ ನಡೆಸಬೇಕೆಂದು ಬಯಸಿದಾಗ ಈ ಪ್ರಶ್ನೆಗಳೆಲ್ಲ ಹಿಂದೆ ಸರಿಯುತ್ತವೆ. ತನ್ನ ದೇಹದಲ್ಲಿ ದಣಿದಾಗಲೂ ನಂಬಬಹುದಾದ ಅಂಗ ಯಾವುದು ಎಂಬುದನ್ನು ಅವನು ಮೊದಲು ಕೇಳಿಕೊಳ್ಳಬೇಕು. ಬಾಲ್ಯದ ಪೋಲಿಯೊದಿಂದ ಬಲಗಾಲು ಸೋತ ನಾನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವೆ ಹಲವು ವರ್ಷ ಕಾರು ನಡೆಸಿ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಭಾರತದಲ್ಲಿ ಸಹಜ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮ ದೇಶ ಪೋಲಿಯೊಮುಕ್ತವೆಂಬ ಮಾನ್ಯತೆ ಪಡೆಯಿತು. ಆದರೆ ಅದಕ್ಕೂ ಮುಂಚೆ ಆ ರೋಗಕ್ಕೆ ಸಿಕ್ಕ ತಲೆಮಾರು ಈಗ ನಡುವಯಸ್ಸು ದಾಟುತ್ತಿದೆ. ಅಪಘಾತದಲ್ಲಿ ಬೆನ್ನುಹುರಿ ಘಾಸಿಯಾದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಈ ಸಾಲಿಗೆ ಸೇರುತ್ತಲೇ ಇದ್ದಾರೆ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು, ಹಿಂದೆ ಎರಡು ಹೆಚ್ಚಿನ ಗಾಲಿ ಕಟ್ಟಿದ ಸ್ಕೂಟರು, ಇವು ನಮ್ಮನ್ನು ಮನೆಯಿಂದ ಹೊರಗೆ ತಂದವು. ಮಳೆಯಲ್ಲಿ, ರಾತ್ರಿಯಲ್ಲಿ, ಹೆಂಡತಿ ಮಕ್ಕಳೊಡನೆ ಬೇರೆ ಊರಿಗೆ ಹೋಗಲು ಅವು ಸಾಲವು. ‘ಒಬ್ಬ ಡ್ರೈವರ್‌ನ ಇಟ್ಕೊಂಡಬಿಡ್ರಿ ಸರ’ ಎಂದು ಕಾರು ಮಾರುವವರೊಬ್ಬರು ನನಗೆ ಹೇಳಿದ್ದುಂಟು. ಸಂಬಳದ ಮಾತು ಹಾಗಿರಲಿ. ಹೊರಡುವ ಗಳಿಗೆಯನ್ನು ಇನ್ನೊಬ್ಬರ ಬಿಡುವಿಗೆ ಹೊಂದಿಸಿಕೊಂಡೇ ಬಾಳಿದವನಿಗೆ ಆ ಸಲಹೆ ರುಚಿಸದು.

ಎಡಗಾಲು ಮಾತ್ರ ದುರ್ಬಲವಾಗಿದ್ದರೆ ಕೆಲಸ ಸುಲಭ. ಎಡಗಾಲಿಗೆ ಇರುವ ಕೆಲಸವೆಂದರೆ ಕ್ಲಚ್ಚು. ಕ್ಲಚ್ ಪೆಡಲೇ ಇಲ್ಲದ ಆಟೋಮ್ಯಾಟಿಕ್ ಕಾರಿನಲ್ಲಿ ಬೇರಾವ ಮಾರ್ಪಾಡೂ ಬೇಕಾಗದು. ಬಹುಕಾಲ ಇಂಥ ಕಾರುಗಳ ಬೆಲೆ ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. 2014ರಲ್ಲಿ ಮಾರುತಿಯ ಸೆಲೆರಿಯೊ ಎ.ಎಂ.ಟಿ. ಎಂಬ ವ್ಯವಸ್ಥೆಯೊಡನೆ ಬಂದ ಮೇಲೆ ಅಂತರ ತಗ್ಗಿತು. ಇದರಲ್ಲಿ ಗೇರುಪೆಟ್ಟಿಗೆ ಹಳೆಯ ಬಗೆಯದೇ. ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಆಡಿಸುತ್ತದೆ. ವಿದ್ಯುತ್ ಕಾರಿನಲ್ಲಂತೂ ಕ್ಲಚ್ಚಿನ ಗೊಡವೆಯೇ ಇಲ್ಲ.

ಬಲಗಾಲು ಸೋತವರಿಗೆ ಆಟೋಮ್ಯಾಟಿಕ್ ಕಾರೊಂದೇ ಸಾಲದು. ಬ್ರೇಕಿನ ಎಡಕ್ಕೆ ಇನ್ನೊಂದು ಎಕ್ಸಿಲರೇಟರ್ ಕೂಡಿಸಿ, ಎಡಗಾಲಿನಿಂದಲೇ ಎರಡನ್ನೂ ನಡೆಸಬಹುದು. ಮನೆಯ ಇತರರೂ ಅದೇ ಕಾರು ನಡೆಸುವುದಾದರೆ ಈ ಪೆಡಲು ಮಡಚಿಡುವಂತಿರಬೇಕು. ಎರಡೂ ಕಾಲುಗಳು ಸೋತಿದ್ದರೆ ಕೈಹಿಡಿಕೆಯೇ ಗತಿ. ಸಾಮಾನ್ಯ ಬಗೆಯ ಹಿಡಿಕೆಯನ್ನು ಮುಂದಕ್ಕೆ ನೂಕಿದರೆ ಬ್ರೇಕು, ತನ್ನೆಡೆಗೆ ಎಳೆದರೆ ವೇಗ. ಒಂದು ಕೈ ಅಲ್ಲಿಯೇ ತೊಡಗಿರುವುದರಿಂದ ಸ್ಟೇರಿಂಗನ್ನು ಇನ್ನೊಂದು ಕೈಯೇ ತಿರುಗಿಸಬೇಕು. ಆದ್ದರಿಂದ ಪವರ್ ಸ್ಟೇರಿಂಗೂ ಅದರ ಮೇಲೊಂದು ಹಿಡಿಗುಬ್ಬಿಯೂ ಅವಶ್ಯ.

ಇಲ್ಲಿ ಒಂದು ಪರೀಕ್ಷೆಯನ್ನು ಯಾರೂ ಬಿಡಬಾರದು. ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಎಂಜಿನ್ ಆರಿಸಿ, ಬ್ರೇಕನ್ನು ಮೂರು ನಾಲ್ಕು ಬಾರಿ ಒತ್ತಿ ನೋಡಬೇಕು. ಅದು ಕಲ್ಲಿನಂತೆ ಬಿರುಸಾಗುತ್ತದೆ. ಒತ್ತುವ ಅಂಗಕ್ಕೆ ಯಂತ್ರ ಕೊಡುತ್ತಿದ್ದ ನೆರವು ಆಗ ತೀರಿರುತ್ತದೆ. ದಾರಿಯಲ್ಲಿ ಎಂಜಿನ್ ಕೆಟ್ಟು ನಿಂತರೆ ಒದಗುವುದು ಇದೇ ಸ್ಥಿತಿ. ಆ ಬಿರುಸಾದ ಬ್ರೇಕನ್ನೂ ನಮ್ಮ ತೋಳು ಅಥವಾ ಕಾಲು ಒತ್ತಬಲ್ಲುದಾದರೆ ಮಾತ್ರ ಮುಂದಿನ ಮಾತು.

ಕಾರು ನಡೆಸುವುದಕ್ಕಿಂತ ಅದರೊಳಗೆ ಹೋಗಿ ಕೂಡುವುದೇ ಹಲವರಿಗೆ ಕಷ್ಟ. ಗಾಲಿಕುರ್ಚಿಯಿಂದ ಜರುಗಿ ಕೂಡುವವರಿಗೆ ಕಾರಿನ ಸೀಟು ಕುರ್ಚಿಯ ಎತ್ತರಕ್ಕೆ ಸಮನಾಗಿರಬೇಕು. ಕ್ಯಾಲಿಪರ್ ತೊಟ್ಟವರಿಗೆ ತಗ್ಗಿನ ಸೀಟಿನಿಂದ ಏಳುವುದು ಕಷ್ಟ, ಎತ್ತರದ ಗಾಡಿಗೆ ಏರುವುದೂ ಕಷ್ಟ. ಮಂಡಿ ಮಡಚದ ಕಾಲನ್ನು ಒಳಗೆ ತರಲು ಬಾಗಿಲು ಅಗಲವಾಗಿ ತೆರೆಯಬೇಕು. ಮೂಡಲಗಿಯ ಕಡೆ ಮಳೆಗಾಲದಲ್ಲಿ ರಸ್ತೆಯಂಚಿನ ಎರೆಮಣ್ಣಿಗೆ ಊರುಗೋಲು ಇಳಿದುಹೋಗುತ್ತದೆ. ಅಂಥಲ್ಲಿ ಇಳಿಯುವಾಗ ಬಾಗಿಲ ಬದಿಯ ಗಟ್ಟಿ ಹಿಡಿಕೆಯ ಬೆಲೆ ತಿಳಿಯುತ್ತದೆ. ಇನ್ನು ಮಡಚಿದ ಗಾಲಿಕುರ್ಚಿ ಡಿಕ್ಕಿಯಲ್ಲಿ ಹಿಡಿಸಬೇಕು. ಸಿ.ಎನ್.ಜಿ. ಕಾರು ಅಗ್ಗವಾಗಿ ಓಡುವುದು ನಿಜ, ಆದರೆ ಅದರ ಸಿಲಿಂಡರು ಡಿಕ್ಕಿಯ ಬಹುಪಾಲನ್ನು ನುಂಗುವುದುಂಟು. ಕುರ್ಚಿಯನ್ನು ಅಂಗಡಿಗೇ ಒಯ್ದು ಇಟ್ಟು ನೋಡುವುದು ಲೇಸು.

ಅಂಗಡಿಯವರು ನಯವಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ನಾವು ನಮ್ಮ ರಸ್ತೆಯನ್ನೇ ಕೇಳಬೇಕು. ಗೋಕಾಕದಿಂದ ಜಲಪಾತದ ಕಡೆಗೆ ಏರುವ ದಾರಿಯಲ್ಲಿ, ಕಬ್ಬಿನ ಸುಗ್ಗಿಯ ಕಾಲದಲ್ಲಿ, ಎರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ನಿಂತು ನಿಂತು ಸಾಗುವುದೇ ನಿಜವಾದ ಪರೀಕ್ಷೆ. ಏರಿನಲ್ಲಿ ಎ.ಎಂ.ಟಿ. ಕಾರು ಹಿಂದಕ್ಕೆ ಜಾರಬಹುದು. ಬ್ರೇಕು ಬಿಟ್ಟ ಮೇಲೂ ಕೆಲವು ಕ್ಷಣ ಹಿಡಿದು ನಿಲ್ಲಿಸುವ ಸೌಲಭ್ಯ ಅದರಲ್ಲಿರಬೇಕು. ಗೇರು ಬದಲಾಗುವಾಗಿನ ತಡವರಿಕೆಯನ್ನೂ ಗಮನಿಸಬೇಕು, ಏಕೆಂದರೆ ಟ್ರ್ಯಾಕ್ಟರನ್ನು ದಾಟುವಾಗ ಅದು ಅಪಾಯಕ್ಕೆ ಎಡೆಗೊಟ್ಟೀತು.

ಕಾನೂನಿನ ಮಾತು ಕೊನೆಗೆ ಬಂದರೂ ಹಣ ಕಟ್ಟುವ ಮುಂಚೆಯೇ ತಿಳಿದಿರತಕ್ಕದ್ದು. 1988ರ ಮೋಟಾರು ವಾಹನ ಅಧಿನಿಯಮದಲ್ಲಿ ಇಂಥ ಗಾಡಿಗಿದ್ದ ‘ಅಶಕ್ತರ ವಾಹನ’ ಎಂಬರ್ಥದ ಹೆಸರನ್ನು 2019ರ ತಿದ್ದುಪಡಿ ತೆಗೆದುಹಾಕಿ, ‘ಮಾರ್ಪಡಿಸಿದ ವಾಹನ’ ಎಂಬ ಗೌರವದ ಹೆಸರಿತ್ತಿತು. ಮಾರ್ಪಾಡಿಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು, ಕೆ.ಎ. 49 ಎಂಬ ಸಂಖ್ಯೆ ಕೊಡುವ ಸಾರಿಗೆ ಕಚೇರಿ ಗೋಕಾಕದಲ್ಲೇ ಇದೆ. ವಿಮೆಯವರಿಗೂ ಮಾರ್ಪಾಡನ್ನು ತಿಳಿಸಿರಬೇಕು. 2020ರ ಅಕ್ಟೋಬರಿನ ತಿದ್ದುಪಡಿಯಿಂದ ನೋಂದಣಿ ಅರ್ಜಿಯಲ್ಲಿ ಒಡೆಯನು ‘ದಿವ್ಯಾಂಗಜನ’ ಎಂದು ನಮೂದಿಸುವ ಅವಕಾಶವಾಗಿದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೇಲೆ ಹಾಯುವ ಹೆದ್ದಾರಿಯಂಥ ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಅಂಗವಿಕಲರ ಬಳಕೆಗೆಂದೇ ವಿಶೇಷವಾಗಿ ರಚಿಸಿದ ವಾಹನಕ್ಕೆ 2008ರ ಶುಲ್ಕ ನಿಯಮಗಳು ಟೋಲ್ ವಿನಾಯಿತಿ ಕೊಟ್ಟಿವೆ. ಹಿಂದೆ ಚಿಕ್ಕ ಕಾರಿನ ಮೇಲೆ ಅಂಗವಿಕಲರಿಗಷ್ಟೇ ದೊರೆಯುತ್ತಿದ್ದ ಶೇಕಡಾ 18ರ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಎಲ್ಲರಿಗೂ ಅನ್ವಯವಾಗಿರುವುದರಿಂದ, ಆ ಒಂದು ರಿಯಾಯಿತಿಯ ಲೆಕ್ಕ ಹಾಕಿ ಕಾರು ಆರಿಸುವ ಕಾರಣ ಉಳಿದಿಲ್ಲ.

ಹೀಗೆ ಮೊದಲು ಅಂಗಬಲದ ಅಳತೆ, ಆಮೇಲೆ ಬಾಗಿಲು ಮತ್ತು ಸೀಟು, ಆಮೇಲೆ ನಮ್ಮೂರ ಏರು, ಆಮೇಲೆ ಕಾಗದಪತ್ರ. ಬಣ್ಣವನ್ನು ಮಕ್ಕಳಿಗೆ ಬಿಡಬಹುದು. ಈ ಕ್ರಮದಲ್ಲಿ ಆರಿಸಿದ ಕಾರು ನೆರೆಯವರ ಕಣ್ಣಿಗೆ ಸಾಧಾರಣವಾಗಿ ಕಂಡೀತು. ಆದರೆ ಹುಕ್ಕೇರಿಯಲ್ಲಿ ನೆಂಟರ ಮದುವೆಯೆಂದು ಕರೆ ಬಂದಾಗ, ‘ಯಾರ ಜೊತೆ ಬರುತ್ತೀರಿ?’ ಎಂಬ ಪ್ರಶ್ನೆ ಕೇಳಿಸಿಕೊಳ್ಳದೆ, ‘ಮುಹೂರ್ತ ಎಷ್ಟು ಹೊತ್ತಿಗೆ?’ ಎಂದು ನಾವೇ ಕೇಳುವಂತಾಗುತ್ತದೆ.