ಕಾಶ್ಮೀರವಲ್ಲದ ಕಾಶ್ಮೀರ, ಸೆಟ್ ಅಲ್ಲದ ವಿಮಾನ

ಬಾದಾಮಿಯ ಕೆಂಪು ಬಂಡೆಗಳಿಗೆ ಸಿನಿಮಾದವರು ಹೊಸಬರಲ್ಲ. ಹಿಂದಿಯ 'ರೌಡಿ ರಾಥೋರ್' (2012) ಇಲ್ಲೂ ಚಿತ್ರೀಕರಣವಾಗಿತ್ತು. ಕಥೆಯಲ್ಲಿ ಮಾತ್ರ ಊರು ಬಿಹಾರದ ದೇವಗಢ! ಬಂಡೆ ನಮ್ಮದು, ಹೆಸರು ಬೇರೆಯವರದು ಎಂಬುದು ಗೊತ್ತಿದ್ದೂ, ಅಮೀನಗಡದ ಚಹಾದಂಗಡಿಯಲ್ಲಿ ಹಿಮದ ಸಿನಿಮಾದ ಮಾತು ಬಂದರೆ ತೆರೆಯ ಮೇಲೆ ಬರೆದಿದ್ದನ್ನೇ ನಂಬಿಬಿಡುತ್ತೇವೆ.

"'ಮಿಷನ್ ಇಂಪಾಸಿಬಲ್: ಫಾಲ್‌ಔಟ್' ಚಿತ್ರದ ಕೊನೆಯ ಹೊಡೆದಾಟ ಕಾಶ್ಮೀರದಲ್ಲಿ ತೆಗೆದದ್ದು" ಎನ್ನುವವರಿದ್ದಾರೆ. ಅಲ್ಲ. ಟಾಮ್ ಕ್ರೂಸ್ ಜೋತುಬಿದ್ದ ಬಂಡೆ ನಾರ್ವೆಯ ಪ್ರೇಕೆಸ್ಟೋಲೆನ್. ಮೇಜಿನಂತೆ ಸಪಾಟಾದ ತಲೆ, ಅಂಚಿನಿಂದ ನೇರ 604 ಮೀಟರ್ ಕೆಳಗೆ ಲೀಸೆ ಎಂಬ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ. ಹೆಲಿಕಾಪ್ಟರ್ ಬೆನ್ನಟ್ಟಿದ್ದು ನ್ಯೂಜಿಲೆಂಡಿನ ಮೇಲೆ. 'ಬ್ಯಾಟ್‌ಮನ್ ಬಿಗಿನ್ಸ್' (2005) ಚಿತ್ರದ ಹಿಮಾಲಯಕ್ಕೂ ಐಸ್‌ಲ್ಯಾಂಡಿನ ಹಿಮನದಿಯೇ ಬಣ್ಣ ಹಚ್ಚಿಕೊಂಡಿತ್ತು. ನಾವೂ ಕಡಿಮೆಯೇನಲ್ಲ: ನಿರ್ದೇಶಕ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ'ದ (1984) ಮಾರಾಬಾರ್ ಗುಹೆಗಳಿಗಾಗಿ ಜಾಗ ಹುಡುಕಿಕೊಂಡು ಬಂದದ್ದು ಬೆಂಗಳೂರಿನ ಪಕ್ಕದ ಸಾವನದುರ್ಗಕ್ಕೆ.

ಇನ್ನೊಂದು ವಾದ, "ಅವೆಲ್ಲ ಗ್ರಾಫಿಕ್ಸ್, ಇಲ್ಲವೇ ಸೆಟ್". 'ದಿಲ್‌ವಾಲೆ'ಯ (2015) 'ಗೇರುವಾ' ಹಾಡಿನಲ್ಲಿ ಶಾರುಖ್, ಕಾಜೋಲ್ ಹತ್ತಿ ನಿಂತ ಮುರಿದ ವಿಮಾನ ಕಲಾ ನಿರ್ದೇಶಕರ ಕೈಚಳಕ ಎಂದುಕೊಂಡವರೇ ಹೆಚ್ಚು. ಅದು ಅಮೆರಿಕದ ನೌಕಾಪಡೆಯ ನಿಜವಾದ ವಿಮಾನ. 1973ರ ನವೆಂಬರಿನಲ್ಲಿ ಐಸ್‌ಲ್ಯಾಂಡಿನ ಸೋಲ್‌ಹೈಮಾಸಾಂಡುರ್ ಎಂಬ ಕಪ್ಪು ಮರಳಿನ ಬಯಲಿಗೆ ಬಂದಿಳಿಯಿತು, ಒಳಗಿದ್ದವರೆಲ್ಲ ಬದುಕುಳಿದರು. ರೆಕ್ಕೆ, ಬಾಲವಿಲ್ಲದ ಬರೀ ಅಲ್ಯೂಮಿನಿಯಂ ಒಡಲು ಅಲ್ಲೇ ಉಳಿದಿದೆ. ಮರಳು ಕಪ್ಪಾಗಿರುವುದು ಜ್ವಾಲಾಮುಖಿಯ ಕಲ್ಲಿನಿಂದ, ಬಣ್ಣದಿಂದಲ್ಲ.

"ಐಸ್‌ಲ್ಯಾಂಡಿನಲ್ಲಿ ವರ್ಷವಿಡೀ ಹಿಮ" ಎಂಬುದೂ ಸುಳ್ಳು. ಬೇಸಿಗೆಯಲ್ಲಿ ಕರಾವಳಿ ಹಸಿರು ಹಸಿರು. ಡಿಸೆಂಬರಿನಲ್ಲಿ ರಾಜಧಾನಿ ರೇಕ್ಯಾವಿಕ್‌ಗೆ ಹಗಲು ಸಿಗುವುದೇ ನಾಲ್ಕು ತಾಸು, ಚಿತ್ರತಂಡ ಅಷ್ಟರಲ್ಲೇ ಕೆಲಸ ಮುಗಿಸಬೇಕು.

ಹಾಗಾದರೆ ಅಷ್ಟು ದೂರ ಹೋಗುವುದು ಬರೀ ಚಂದಕ್ಕೋ? ದುಡ್ಡಿನ ಲೆಕ್ಕವೂ ಇದೆ. ಐಸ್‌ಲ್ಯಾಂಡ್ ಸರ್ಕಾರ ತನ್ನಲ್ಲಿ ಮಾಡಿದ ಖರ್ಚಿನ ಶೇ. 25 ಮರಳಿಸುತ್ತದೆ, 2022ರಿಂದ ದೊಡ್ಡ ನಿರ್ಮಾಣಗಳಿಗೆ ಶೇ. 35. ಇದನ್ನು ಬಿಟ್ಟು ಬರೀ ಜಲಪಾತ ನೋಡಿ ನಿರ್ಮಾಪಕ ಟಿಕೆಟ್ ತೆಗೆಸುತ್ತಾನೆ ಎಂದು ನನಗಂತೂ ಅನ್ನಿಸುವುದಿಲ್ಲ.

"ಶೂಟಿಂಗ್ ಆದರೆ ಊರು ಉದ್ಧಾರ" ಎಂಬ ಮಾತು ಅರ್ಧ ಮಾತ್ರ ನಿಜ. ಗಾಯಕ ಜಸ್ಟಿನ್ ಬೀಬರ್ 2015ರಲ್ಲಿ ಹಾಡಿ ಹೋದ ಐಸ್‌ಲ್ಯಾಂಡಿನ ಫ್ಯಾದ್ರಾರ್‌ಗ್ಲ್ಯೂಫುರ್ ಕಮರಿಗೆ ಜನ ಮುಗಿಬಿದ್ದು, ತುಳಿದ ಪಾಚಿ ಚೇತರಿಸಿಕೊಳ್ಳಲೆಂದು 2019ರಲ್ಲಿ ಅದನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಬಾದಾಮಿಯ ಗುಹಾಲಯಗಳೊಳಗೆ ಸಿನಿಮಾ ತೆಗೆಯಲು ಪುರಾತತ್ವ ಇಲಾಖೆಯ ಪರವಾನಗಿ ಬೇಕೆಂದಾಗ ಗೊಣಗುವವರು ಆ ಪಾಚಿಯ ಕಥೆ ಕೇಳಬೇಕು.