ಒಂದು ಕುಕ್ಕರ್ ಬೇಳೆಯಿಂದ ಶುರು ಮಾಡಿ

ಅಡುಗೆ ಕಲಿಯುತ್ತೇನೆ ಅಂತ ಬಂದವರಿಗೆ ನಾವು ಮೊದಲು ಹೇಳಿಕೊಡುವುದು ಉಪ್ಪಿಟ್ಟು, ಚಿತ್ರಾನ್ನ, ಆಮ್ಲೆಟ್ಟು. ಅವತ್ತಿನ ಹೊಟ್ಟೆಪಾಡಿಗೇನೋ ಆಯಿತು. ಆದರೆ ತಿಂಗಳು ಕಳೆದ ಮೇಲೂ ಅವರಿಗೆ ಬರುವುದು ಆ ಮೂರೇ. ಉಪ್ಪಿಟ್ಟು ಬಂದವರಿಗೆ ಅದರ ಬೆನ್ನಿಗೇ ಸಾರು ಬರುವುದಿಲ್ಲ. ಪೀಜಿ ಊಟಕ್ಕೆ ಬೇಸತ್ತು ರೂಮು ಮಾಡಿಕೊಂಡ ಹುಡುಗನಿರಲಿ, ನಿವೃತ್ತಿಯಾದ ಮೇಲೆ ಮೊದಲ ಸಲ ಒಲೆ ಮುಂದೆ ನಿಂತ ಯಜಮಾನರಿರಲಿ, ಕಲಿಸಬೇಕಾದ್ದು ಬೇಳೆ ಬೇಯಿಸುವುದನ್ನು. ಬೇಳೆ ಹದವಾಗಿ ಬೆಂದರೆ ಅದೇ ಪಾತ್ರೆಯಿಂದ ಇವತ್ತು ತೊವ್ವೆ, ನಾಳೆ ಸಾರು, ನಾಡಿದ್ದು ಹುಳಿ. ಜೊತೆಗೆ ಅನ್ನ, ಒಂದು ಪಲ್ಯ, ಮೊಸರು ಇದ್ದರೆ ಮನೆ ಊಟಕ್ಕೆ ಇನ್ನೇನು ಬೇಕು?

ಕಲಿಸುವವರ ದೊಡ್ಡ ತೊಡಕು ಕಣ್ಣಳತೆ. “ಅಮ್ಮಾ, ಉಪ್ಪು ಎಷ್ಟು ಹಾಕ್ಲಿ?” ಅಂದರೆ “ರುಚಿಗೆ ತಕ್ಕಷ್ಟು ಹಾಕೋ” ಅನ್ನುತ್ತಾರೆ. ಎಷ್ಟು ಹಾಕಿದರೆ ಯಾವ ರುಚಿ ಬರುತ್ತದೆ ಅನ್ನುವುದು ಗೊತ್ತಿದ್ದರೆ ಅವನು ಕೇಳುತ್ತಲೇ ಇರಲಿಲ್ಲ. ಆದ್ದರಿಂದ ಮೊದಲು ಒಂದು ಲೋಟ, ಒಂದು ಟೀ ಚಮಚ ಗೊತ್ತು ಮಾಡಿ. ಇಲ್ಲಿ ನಾನು ಲೋಟ ಎನ್ನುವುದು 200 ಮಿಲಿ ಹಿಡಿಯುವ ಸ್ಟೀಲ್ ಲೋಟವನ್ನು. ಕಲಿಯುವಷ್ಟು ದಿನ ಆ ಲೋಟ, ಆ ಚಮಚ ಬದಲಾಗಬಾರದು. ಉಪ್ಪೂ ಒಂದೇ ಥರದ್ದಿರಲಿ. ಒಂದು ಚಮಚ ಕಲ್ಲುಪ್ಪಿನ ತೂಕ ಒಂದು ಚಮಚ ಪುಡಿಯುಪ್ಪಿಗಿಂತ ಕಡಿಮೆ, ಅಳತೆ ಕೈಕೊಡುತ್ತದೆ.

ಸಾಮಾನೂ ಜಾಸ್ತಿ ಬೇಡ. ಮೂರು ಲೀಟರಿನ ಕುಕ್ಕರ್, ಒಂದು ದಪ್ಪ ತಳದ ಬಾಣಲೆ, ಸಾರಿಗೊಂದು ಪಾತ್ರೆ, ಒಗ್ಗರಣೆ ಸೌಟು, ಒಂದು ಚಾಕು. ಡಬ್ಬಿಗಳಲ್ಲಿ ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಸಾಸಿವೆ, ಜೀರಿಗೆ, ಉದ್ದಿನಬೇಳೆ, ಅರಿಶಿನ, ಇಂಗು, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ. ಸಾರಿನ ಪುಡಿ ಊರಿಂದ ಬಂದರೆ ಸರಿ, ಇಲ್ಲದಿದ್ದರೆ ಅಂಗಡಿಯದ್ದು. ಪುಡಿ ಮನೆಯಲ್ಲೇ ಹುರಿದು ಮಾಡಬೇಕು ಅಂತ ಮೊದಲ ವಾರವೇ ಹಟ ಹಿಡಿಯುವವರು ಕಲಿಯುವವರನ್ನು ಓಡಿಸುತ್ತಾರೆ.

ಈಗ ಬೇಳೆ. ಇಬ್ಬರಿಗೆ ಅರ್ಧ ಲೋಟ ತೊಗರಿಬೇಳೆ ಸಾಕು. ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ. ಎಣ್ಣೆ ಯಾಕೆಂದರೆ ಬೇಳೆ ನೊರೆ ಉಕ್ಕಿ ಕುಕ್ಕರಿನ ಉಗಿ ಕಂಡಿಗೆ ಅಡರದಿರಲಿ ಅಂತ. ಅದೇ ಕಾರಣಕ್ಕೆ ಬೇಳೆಯಿಟ್ಟ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಿಸಬಾರದು. ಉಪ್ಪು, ಹುಣಸೆಹುಳಿ, ಟೊಮೆಟೊ ಇವು ಯಾವುವೂ ಈಗ ಬೇಡ. ಹುಳಿ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ.

ಮುಚ್ಚಳ ಹಾಕುವ ಮುಂಚೆ ಉಗಿ ಕಂಡಿಯನ್ನು ಬೆಳಕಿಗೆ ಹಿಡಿದು ನೋಡಲು ಕಲಿಸಿ; ಬೆಳಕು ಕಾಣಬೇಕು. ಉಗಿ ಬರಲು ಶುರುವಾದ ಮೇಲೆ ವೆಯ್ಟ್ ಇಟ್ಟು, ಮೊದಲ ಸಲ ಕೂಗಿದ ಕೂಡಲೇ ಉರಿ ಸಣ್ಣದು ಮಾಡಿ ಹತ್ತು ನಿಮಿಷ ಬಿಡುವುದು. ಎಷ್ಟು ಸಲ ಕೂಗಿತು ಅನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ಉರಿ ದೊಡ್ಡದಿದ್ದರೆ ಐದು ನಿಮಿಷದಲ್ಲಿ ಐದು ಸಲ ಕೂಗುತ್ತದೆ, ಒಳಗೆ ಬೇಳೆ ಹಾಗೇ ಇರುತ್ತದೆ. ಗಡಿಯಾರದ ಲೆಕ್ಕ ವಾಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಉಗಿಯ ಒತ್ತಡದಿಂದ ಶಾಖ 120ರ ಹತ್ತಿರ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ಬೇಳೆ ಇಲ್ಲಿ ಬೇಗ ಬೇಯುವುದು ಅದರಿಂದಲೇ. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಬೇಕು. ಅವಸರಕ್ಕೆ ವೆಯ್ಟ್ ಎತ್ತಿದರೆ ಬೇಳೆ ಕಟ್ಟು ಗೋಡೆಗೆ ಚಿಮ್ಮುತ್ತದೆ, ಕೈಯೂ ಸುಡುತ್ತದೆ.

ಇಷ್ಟಾದರೂ ಬೇಳೆ ಬೇಯಲಿಲ್ಲವೇ? ಕಲಿಯುವವರನ್ನು ಬೈಯುವ ಮೊದಲು ನೀರು ನೋಡಿ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆ ಮೆತ್ತಗಾಗಲು ಬಿಡುವುದಿಲ್ಲ. ಕಾವೇರಿ ನೀರು ಬರುವ ಬಡಾವಣೆಯಲ್ಲಿ ಬೆಣ್ಣೆಯಂತೆ ಬೆಂದ ಬೇಳೆ ಟ್ಯಾಂಕರ್ ನೀರಿನ ಮನೆಯಲ್ಲಿ ಕಾಳು ಕಾಳಾಗಿ ಉಳಿಯುವುದು ಇದಕ್ಕೇ. ಅಂಥ ಕಡೆ ಬೇಳೆಗೆ ಮಾತ್ರ ಕುಡಿಯುವ ಆರ್‌ಒ ಫಿಲ್ಟರ್ ನೀರು ಹಾಕಲಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಳೇ ಬೇಳೆಯದ್ದೂ ಇದೇ ಕಥೆ.

ಅನ್ನಕ್ಕೆ ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು. ಹಳೇ ಅಕ್ಕಿಯಾದರೆ, ಮೆತ್ತಗೆ ಬೇಕೆಂದರೆ ಎರಡೂವರೆ. ಕರಾವಳಿಯ ಕುಚ್ಚಲಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಧಾರಾಳ ನೀರು, ಜಾಸ್ತಿ ಹೊತ್ತು, ಕೊನೆಗೆ ಗಂಜಿ ಬಸಿಯುವುದು.

ಬೆಂದ ಬೇಳೆಯನ್ನು ಸೌಟಿನ ಬೆನ್ನಿನಿಂದ ಮಸೆದು ಅರ್ಧ ತೆಗೆದಿಡಿ. ಉಳಿದರ್ಧಕ್ಕೆ ಉಪ್ಪು, ಸೀಳಿದ ಹಸಿಮೆಣಸಿನಕಾಯಿ, ಚೂರು ಶುಂಠಿ ಹಾಕಿ ಒಂದು ಕುದಿ ಬರಿಸಿ ಒಗ್ಗರಣೆ ಕೊಟ್ಟರೆ ತೊವ್ವೆ. ನಿಂಬೆರಸ ಒಲೆ ಆರಿಸಿದ ಮೇಲೆ.

ಒಗ್ಗರಣೆಗೆ ಮಾತ್ರ ಒಂದಿಡೀ ದಿನ ಕೊಟ್ಟರೂ ನಷ್ಟವಿಲ್ಲ. ಸಾಸಿವೆ, ಇಂಗು, ಕರಿಬೇವಿನ ಘಮವನ್ನು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಎಣ್ಣೆ, ತುಪ್ಪ ಹಿಡಿಯುತ್ತವೆ. ಸೌಟಿನಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಮೊದಲು ಎರಡೇ ಕಾಳು ಸಾಸಿವೆ ಹಾಕಿಸಿ. ಸುಮ್ಮನೆ ತಳದಲ್ಲಿ ಕೂತರೆ ಎಣ್ಣೆ ಕಾದಿಲ್ಲ, ಹಾಕಿದ ಕ್ಷಣವೇ ಕಪ್ಪಾಗಿ ಹೊಗೆಯೆದ್ದರೆ ಕಾದದ್ದು ಹೆಚ್ಚಾಯಿತು. ಒಂದೆರಡು ಉಸಿರಿನಷ್ಟು ಹೊತ್ತು ತಡೆದು ಚಟ್ ಅಂದರೆ ಸರಿ. ಆಗ ಉಳಿದ ಸಾಸಿವೆ. ಚಟಪಟ ಜೋರಾಗಿ, ಇನ್ನೇನು ನಿಲ್ಲುತ್ತದೆ ಅನ್ನುವಾಗ ಉರಿ ತಗ್ಗಿಸಿ ಜೀರಿಗೆ, ಮುರಿದ ಒಣಮೆಣಸಿನಕಾಯಿ. ಮೆಣಸಿನಕಾಯಿ ಉಬ್ಬಿ ಬಣ್ಣ ಗಾಢವಾಗುತ್ತಿದ್ದಂತೆ ಒಲೆ ಆರಿಸಿ ಇಂಗು, ಕರಿಬೇವು. ಕರಿಬೇವಿನ ನೀರು ಒರೆಸಿರಬೇಕು, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ. ಸಿಡಿಯದ ಸಾಸಿವೆಯೂ ಕಹಿ, ಸೀದ ಸಾಸಿವೆಯೂ ಕಹಿ. ಸೀದರೆ ಮುಲಾಜಿಲ್ಲದೆ ಚೆಲ್ಲಿ ಹೊಸದು ಮಾಡಿಸಿ. ಎರಡು ಚಮಚ ಎಣ್ಣೆ ಉಳಿಸಲು ಹೋಗಿ ಪಾತ್ರೆ ತೊವ್ವೆ ಕೆಡಿಸುವುದರಲ್ಲಿ ಜಾಣತನವಿಲ್ಲ.

ತೆಗೆದಿಟ್ಟ ಅರ್ಧ ಬೇಳೆ ಫ್ರಿಜ್ಜಿನಲ್ಲಿದ್ದು ಮರುದಿನ ಸಾರಾಗುತ್ತದೆ. ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ನೆನೆಸಿ ಕಿವುಚಿದ ರಸ, ಹೆಚ್ಚಿದ ಒಂದು ಟೊಮೆಟೊ, ಎರಡು ಚಮಚ ಸಾರಿನ ಪುಡಿ, ಚೂರು ಬೆಲ್ಲ, ಒಂದು ಲೋಟ ನೀರು ಸೇರಿಸಿ ಕುದಿಯಲು ಇಡಿ. ಹುಣಸೆಹುಳಿಯ ಹಸಿವಾಸನೆ ಹೋಗುವವರೆಗೆ, ಏಳೆಂಟು ನಿಮಿಷ. ಮೂಗು ಹತ್ತಿರ ತಂದು ಆ ವಾಸನೆ ಹೇಗಿರುತ್ತದೆ ಅಂತ ಮೊದಲೇ ಒಮ್ಮೆ, ಆಮೇಲೊಮ್ಮೆ ನೋಡಿಸಬೇಕು. ಬರೆದು ತಿಳಿಸುವ ವಿಷಯವಲ್ಲ ಇದು. ಆಮೇಲೆ ಬೇಳೆ, ಒಟ್ಟು ಮೂರು ಲೋಟ ಆಗುವಷ್ಟು ನೀರು, ಮಟ್ಟ ಮಾಡಿದ ಒಂದು ಟೀ ಚಮಚ ಪುಡಿಯುಪ್ಪು. ನೊರೆ ಕಟ್ಟಿ ಮೇಲೆದ್ದ ಕೂಡಲೇ ಆರಿಸಿಬಿಡಿ, ತಳಮಳ ಕುದಿಸಿದರೆ ಘಮವೆಲ್ಲ ಅಡುಗೆಮನೆಗೆ ಹೋಗುತ್ತದೆ, ತಟ್ಟೆಗೆ ಬರುವುದಿಲ್ಲ. ತುಪ್ಪದ ಒಗ್ಗರಣೆ, ಕೊತ್ತಂಬರಿ ಸೊಪ್ಪು.

ಇದೇ ಸಾರಿಗೆ ಬೆಂದ ತರಕಾರಿ ಸೇರಿಸಿ, ಸಾರಿನ ಪುಡಿಯ ಬದಲು ಹುಳಿಪುಡಿ, ಒಂದು ಹಿಡಿ ರುಬ್ಬಿದ ಕಾಯಿತುರಿ ಹಾಕಿದರೆ ಹುಳಿ. ಮಂಡ್ಯ, ಹಾಸನದ ಕಡೆಯವರು ಬೇಳೆ ಜೊತೆ ಸೊಪ್ಪು ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡುತ್ತಾರೆ. ಉಳಿದ ಸೊಪ್ಪು, ಬೇಳೆಯೇ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ. ಇದಕ್ಕಿಂತ ಲಾಭದ ಅಡುಗೆ ನನಗೆ ಗೊತ್ತಿಲ್ಲ.

ಪಲ್ಯದ ಬಗ್ಗೆ ಹೇಳುವುದು ಕಡಿಮೆ. ಕಾಲು ಕಿಲೋ ಹುರುಳಿಕಾಯಿ ಸಣ್ಣಗೆ, ಒಂದೇ ಸಮ ಹೆಚ್ಚಿ, ಉದ್ದಿನಬೇಳೆ ಕೆಂಪಗಾದ ಒಗ್ಗರಣೆಗೆ ಹಾಕಿ, ಅರ್ಧ ಚಮಚ ಉಪ್ಪು, ನೀರು ಚಿಮುಕಿಸಿ ಮುಚ್ಚಿ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಇಳಿಸುವಾಗ ಕಾಯಿತುರಿ. ಎಲೆಕೋಸು ತಾನೇ ನೀರು ಬಿಡುತ್ತದೆ, ಅದಕ್ಕೆ ನೀರು ಬೇಡ.

ಉಪ್ಪು ನೋಡುವುದನ್ನು ಬಾಯಿಬಿಟ್ಟು ಕಲಿಸಬೇಕು. ಕುದಿಯುವ ಸಾರನ್ನು ನಾಲಿಗೆಗೆ ಹಾಕಿದರೆ ಸುಟ್ಟದ್ದಷ್ಟೇ ಗೊತ್ತಾಗುತ್ತದೆ. ಸೌಟಿನಿಂದ ಬಟ್ಟಲಿಗೆ ಬಿಟ್ಟು, ಆರಿಸಿ, ಎರಡು ಅಗುಳು ಅನ್ನದ ಜೊತೆ ನೋಡಲಿ, ಯಾಕೆಂದರೆ ತಿನ್ನುವುದು ಅನ್ನದ ಜೊತೆಯೇ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕು ಅನ್ನುವ ಸಲಹೆಯಿಂದ ಹೆಚ್ಚೇನೂ ಆಗುವುದಿಲ್ಲ; ಆಲೂಗಡ್ಡೆ ಸಾರನ್ನು ಹೀರುತ್ತದೆಯೇ ಹೊರತು ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ. ಬೇಳೆ, ನೀರು ಸೇರಿಸಿ ಸಾರೇ ಹೆಚ್ಚು ಮಾಡಿಕೊಳ್ಳುವುದು ಒಂದೇ ದಾರಿ.

ಅಡುಗೆ ಪಾಠದಲ್ಲಿ ಬಿಟ್ಟುಹೋಗುವ ಎರಡು ಮಾತು. ರಾತ್ರಿ ಉಳಿದ ಅನ್ನ ಬೆಳಗಿನವರೆಗೆ ಹೊರಗಿರಬಾರದು. ಬೇಸಿಗೆಯಲ್ಲಿ ಅದರಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿಕೊಳ್ಳಲಿ, ಆರಿದ ಅನ್ನ ಅದಕ್ಕೆ ಉದುರುದುರಾಗಿಯೂ ಇರುತ್ತದೆ. ಇನ್ನೊಂದು, ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಈ ನಂಬರು ಅಡುಗೆಮನೆ ಗೋಡೆಯ ಮೇಲೂ ಮೊಬೈಲಿನಲ್ಲೂ ಇರಲಿ.

ಕಲಿಸುವವರು ಸೌಟು ಮುಟ್ಟದಿರುವುದು ಕಷ್ಟದ ಕೆಲಸ. “ಬಿಡು, ನಾನೇ ಹಾಕ್ತೀನಿ” ಅಂದ ಕಡೆಯೇ ಪಾಠ ನಿಲ್ಲುತ್ತದೆ. ತರಕಾರಿ ಒಡ್ಡೊಡ್ಡಾಗಿ ಹೆಚ್ಚಲಿ, ಒಗ್ಗರಣೆ ಒಮ್ಮೆ ಸೀಯಲಿ. ವಾರಕ್ಕೆ ಹೊಸತು ಒಂದೇ. ಹಳೆಯದನ್ನು ಮತ್ತೆ ಮತ್ತೆ.

ಮುದ್ದೆ, ಚಪಾತಿ, ಜೋಳದ ರೊಟ್ಟಿ ಮೊದಲ ತಿಂಗಳು ಬೇಡವೇ ಬೇಡ. ಅವು ಕೈ ಪಳಗಿದ ಮೇಲಿನ ಕೆಲಸ. ಅಷ್ಟರವರೆಗೆ ಉತ್ತರ ಕರ್ನಾಟಕದ ಹುಡುಗರು ರೊಟ್ಟಿಯನ್ನು ಖಾನಾವಳಿಯಿಂದ ತರಲಿ, ಬ್ಯಾಳಿ ಪಲ್ಯ ಮನೆಯಲ್ಲೇ ಮಾಡಿಕೊಳ್ಳಲಿ.